ಸ್ತನ ಕ್ಯಾನ್ಸರ್‌ನ ಐಎಚ್‌ಸಿ ರಿಪೋರ್ಟ್ ಓದೋದು ಹೇಗೆ

ನಮ್ಮ ಚಿಕ್ಕಮ್ಮಂಗೆ ಬಯಾಪ್ಸಿ ಆದ್ಮೇಲೆ ಎರಡು ರಿಪೋರ್ಟ್ ಬಂತು. ಮೊದಲನೇದ್ರಲ್ಲಿ ಕ್ಯಾನ್ಸರ್ ಅಂತಿತ್ತು, ಮನೆಯವ್ರೆಲ್ಲ ಅದನ್ನೇ ಹಿಡ್ಕೊಂಡು ಅಳ್ತಾ ಕೂತ್ವಿ, ಆದ್ರೆ ಯಾವ ಔಷಧಿ ಕೊಡ್ಬೇಕು ಅನ್ನೋದು ಬಹುಪಾಲು ಗೊತ್ತಾಗೋದು ಎರಡನೇದ್ರಿಂದ, ಅದೇ ಐಎಚ್‌ಸಿ (ಇಮ್ಯುನೊಹಿಸ್ಟೊಕೆಮಿಸ್ಟ್ರಿ). ಗಡ್ಡೆಯ ಜೀವಕೋಶಗಳಿಗೆ "ಬೆಳಿ, ಬೆಳಿ" ಅಂತ ಹೇಳ್ತಿರೋದು ಯಾರು ಅಂತ, ಬಯಾಪ್ಸಿ ತುಂಡಿಗೆ ಬಣ್ಣ ಹಾಕಿ ಹುಡುಕೋ ಟೆಸ್ಟ್ ಅದು.

ಮೊದ್ಲು ಇಆರ್, ಪಿಆರ್ ಅಂತಿರೋ ಸಾಲು ನೋಡಿ, ಅಂದ್ರೆ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಹಾರ್ಮೋನ್‌ಗಳು ಬಂದು ಅಂಟ್ಕೊಳ್ಳೋ ರಿಸೆಪ್ಟರ್ ಪ್ರೋಟೀನ್‌ಗಳು. ಈಸ್ಟ್ರೊಜೆನ್ ಹಾರ್ಮೋನ್ ಜೀವಕೋಶದ ಒಳಗೆ ಸೀದಾ ಹೋಗಿ ನ್ಯೂಕ್ಲಿಯಸ್‌ನಲ್ಲಿರೋ ಇಆರ್ ಪ್ರೋಟೀನ್‌ಗೆ ಅಂಟ್ಕೊಳತ್ತೆ, ಆ ಜೋಡಿ ಡಿಎನ್‌ಎ ಮೇಲೆ ಕೂತು ಸೈಕ್ಲಿನ್ ಡಿ1 ಥರದ ಜೀನ್‌ಗಳನ್ನ ಆನ್ ಮಾಡತ್ತೆ, ಜೀವಕೋಶ ಒಡೆದು ಎರಡಾಗತ್ತೆ. 1% ಅಥವಾ ಜಾಸ್ತಿ ನ್ಯೂಕ್ಲಿಯಸ್‌ಗಳಿಗೆ ಬಣ್ಣ ಹತ್ತಿದ್ರೆ ಪಾಸಿಟಿವ್, 1ರಿಂದ 10% ಇದ್ರೆ ಲೋ ಪಾಸಿಟಿವ್ ಅಂತ ಬರೀತಾರೆ. ಇಆರ್ ಕೆಲಸ ಮಾಡಿದ್ರೆ ತಯಾರಾಗೋ ಪ್ರೋಟೀನ್ ಪಿಆರ್, ಹಾಗಾಗಿ ಅದೂ ಪಾಸಿಟಿವ್ ಇದ್ರೆ ಇಆರ್ ನಿಜವಾಗ್ಲೂ ಚುರುಕಾಗಿದೆ ಅಂತ ಅರ್ಥ. ಟ್ಯಾಮಾಕ್ಸಿಫೆನ್ ಮಾತ್ರೆ ಈಸ್ಟ್ರೊಜೆನ್ ಕೂರೋ ಜಾಗದಲ್ಲಿ ತಾನು ಕೂತ್ಬಿಡತ್ತೆ. ಮುಟ್ಟು ನಿಂತವರಿಗೆ ಕೊಡೋ ಲೆಟ್ರೊಜೋಲ್ ಈಸ್ಟ್ರೊಜೆನ್ ತಯಾರಾಗೋದನ್ನೇ ತಡೆಯತ್ತೆ.

ಆಮೇಲೆ ಹರ್2, ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಇದು ಜೀವಕೋಶದ ಮೇಲ್ಮೈಯಲ್ಲಿ ಆಂಟೆನಾ ಥರ ಇರೋ ಪ್ರೋಟೀನ್, ಇದರ ಜೀನ್ 17ನೇ ಕ್ರೋಮೋಸೋಮ್‌ನಲ್ಲಿದೆ, ಮಾಮೂಲಿಯಾಗಿ ಎರಡು ಕಾಪಿ. ಕೆಲವು ಗಡ್ಡೆಗಳಲ್ಲಿ ಅದು ಹತ್ತು ಇಪ್ಪತ್ತು ಕಾಪಿ ಆಗಿರತ್ತೆ, ಆಗ ಆಂಟೆನಾಗಳು ಕಿಕ್ಕಿರಿದು ಒಂದಕ್ಕೊಂದು ಜೋಡಿಯಾಗಿ, ಹೊರಗಿಂದ ಯಾವ ಸಿಗ್ನಲ್ ಬರ್ದೇ ಇದ್ರೂ ಒಳಗೆ ಎರಡು ದಾರಿ ಚಾಲೂ ಆಗ್ಬಿಡತ್ತೆ: ರಾಸ್ ದಾರಿ ಒಡಿ ಅನ್ನತ್ತೆ, ಪಿಐ3ಕೆ ದಾರಿ ಸಾಯ್ಬೇಡ ಅನ್ನತ್ತೆ. ಮೇಲ್ಮೈಗೆ ಎಷ್ಟು ಬಣ್ಣ ಹತ್ತಿದೆ ಅಂತ ನೋಡಿ ಸ್ಕೋರ್ ಕೊಡ್ತಾರೆ: 0 ಅಥವಾ 1+ ಇದ್ರೆ ನೆಗೆಟಿವ್, 3+ ಇದ್ರೆ ಪಾಸಿಟಿವ್. 2+ ಅಂದ್ರೆ ಇನ್ನೂ ಉತ್ತರ ಸಿಕ್ಕಿಲ್ಲ, ಫಿಶ್ ಅನ್ನೋ ಟೆಸ್ಟ್ ಮಾಡಿಸಿ ಕಾಪಿ ಎಣಿಸ್ಲೇಬೇಕು. ಚಿಕ್ಕಮ್ಮಂಗೆ 2+ ಬಂದಿತ್ತು, ಯಾರೂ ಬಿಡಿಸಿ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ, ಮೂರು ವಾರ ಸುಮ್ನೆ ಹೋಯ್ತು, ಇವತ್ತಿಗೂ ಅದು ನನ್ನ ಮನಸ್ಸಲ್ಲಿ ಚುಚ್ಚತ್ತೆ. ನೀವು ಅವತ್ತೇ ಕೇಳಿ.

ಹರ್2 ಪಾಸಿಟಿವ್ ಅಂದ ತಕ್ಷಣ ಕೈ ಚೆಲ್ಬೇಡಿ. ಆ ಆಂಟೆನಾಗೇ ಹೋಗಿ ಅಂಟ್ಕೊಳ್ಳೋ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧಿಗೆ ಅಮೆರಿಕದಲ್ಲಿ 1998ರಲ್ಲೇ ಅನುಮತಿ ಸಿಕ್ತು, 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ತನ್ನದೇ ಬಯೋಸಿಮಿಲರ್, ಅಂದ್ರೆ ಅದೇ ಥರ ಕೆಲಸ ಮಾಡೋ ಔಷಧಿ, ಮಾರ್ಕೆಟ್‌ಗೆ ತಂತು. ಇದು ಹೃದಯದ ಮೇಲೆ ಪರಿಣಾಮ ಮಾಡ್ಬಹುದು, ಅದಕ್ಕೆ ಶುರು ಮಾಡೋ ಮುಂಚೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸ್ತಾರೆ, ಮಧ್ಯೆ ಮಧ್ಯೆನೂ ಮಾಡಿಸ್ತಾರೆ, ತಪ್ಪಿಸ್ಬೇಡಿ.

ಕೆಐ-67 ಅಂದ್ರೆ ಎಷ್ಟು ಪರ್ಸೆಂಟ್ ಜೀವಕೋಶಗಳು ಒಡೆಯೋ ತಯಾರಿಯಲ್ಲಿವೆ ಅಂತ. ಲ್ಯಾಬ್‌ನಿಂದ ಲ್ಯಾಬ್‌ಗೆ ಈ ನಂಬರ್ ಬದಲಾಗತ್ತೆ, ಇದೊಂದನ್ನೇ ನೋಡಿ ನಿದ್ದೆ ಕೆಡಿಸ್ಕೊಬೇಡಿ.

ಇಆರ್, ಪಿಆರ್, ಹರ್2 ಮೂರೂ ನೆಗೆಟಿವ್ ಇದ್ರೆ ಟ್ರಿಪಲ್ ನೆಗೆಟಿವ್. ಆಗ ಬಿಆರ್‌ಸಿಎ ಟೆಸ್ಟ್ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ. ಡಿಎನ್‌ಎ ಎರಡೂ ಎಳೆ ತುಂಡಾದಾಗ ಸರಿಯಾಗಿ ಜೋಡಿಸೋಕೆ ಬಿಆರ್‌ಸಿಎ ಜೀನ್ ಬೇಕು, ಅದು ಕೆಟ್ಟಿದ್ರೆ ತಪ್ಪುಗಳು ಸೇರ್ತಾ ಹೋಗತ್ತೆ. ಹುಟ್ಟಿನಿಂದಲೇ ಬಂದಿರೋ ದೋಷ ಆದ್ರೆ ಅಕ್ಕತಂಗಿಯರಿಗೂ ಮಕ್ಕಳಿಗೂ, ಗಂಡುಮಕ್ಕಳೂ ಸೇರಿ, ಟೆಸ್ಟ್ ಬೇಕಾಗ್ಬಹುದು.

ಇನ್ನೊಂದು, ಬಯಾಪ್ಸಿ ತುಂಡನ್ನ ತಡ ಮಾಡ್ದೇ ಫಾರ್ಮಲಿನ್‌ಗೆ (ತುಂಡು ಕೆಡದ ಹಾಗೆ ಇಡೋ ದ್ರವ) ಹಾಕ್ಬೇಕು, ಅದ್ರಲ್ಲಿ 6ರಿಂದ 72 ಗಂಟೆ ಇರ್ಬೇಕು, ಇಲ್ದಿದ್ರೆ ಬಣ್ಣ ಸರಿಯಾಗಿ ಹತ್ತದೆ ಪಾಸಿಟಿವ್ ಇರೋದೂ ನೆಗೆಟಿವ್ ಅಂತ ಬರ್ಬಹುದು. ಊರಲ್ಲಿ ತೆಗೆದು ಸಿಟಿ ಲ್ಯಾಬ್‌ಗೆ ಕಳಿಸೋವಾಗ ಇದನ್ನ ವಿಚಾರಿಸಿ. ಆ ತುಂಡನ್ನ ಮೇಣದಲ್ಲಿ ಕೂರಿಸಿ ಲ್ಯಾಬ್‌ನಲ್ಲಿ ಇಟ್ಟಿರೋ ಬ್ಲಾಕ್‌ನ ನಂಬರ್ ಬರ್ದಿಟ್ಕೊಳ್ಳಿ, ಫಿಶ್‌ಗೆ ಆಗ್ಲಿ ಬೇರೆ ಕಡೆ ಇನ್ನೊಂದು ಸಲ ತೋರಿಸೋಕೆ ಆಗ್ಲಿ ಮೊದ್ಲು ಕೇಳೋದು ಅದನ್ನೇ.