ಮಹಾಮಾರಿ ಬಂದಾಗ ನಿಮ್ಮ ಜಿಲ್ಲೆಯ ಬುಲೆಟಿನ್ ಓದುವುದು ಹೇಗೆ?

ಕೊರೊನಾ ಕಾಲದಲ್ಲಿ ಸಂಜೆಯಾದರೆ ಸಾಕು, ಆರೋಗ್ಯ ಇಲಾಖೆಯ ಬುಲೆಟಿನ್ ಪಿಡಿಎಫ್ ವಾಟ್ಸಾಪ್‌ಗೆ ಬಂದು ಬೀಳುತ್ತಿತ್ತು. ಎಲ್ಲರೂ ಮೊದಲು ಹುಡುಕುತ್ತಿದ್ದದ್ದು ಒಂದೇ, ನಮ್ಮ ಜಿಲ್ಲೆಯಲ್ಲಿ ಇವತ್ತು ಎಷ್ಟು ಕೇಸ್ ಅಂತ. ಆದರೆ ಅದೊಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಮುಂದೆ ಬೇರೆ ಸೋಂಕು ಬಂದರೂ ಲೆಕ್ಕ ಕೊಡುವ ರೀತಿ ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಅದಕ್ಕೇ ಓದುವ ಕ್ರಮ ಗೊತ್ತಿರಲಿ.

ಮೊದಲು ಟೆಸ್ಟ್ ಎಷ್ಟಾಯಿತು ನೋಡಿ. ನಿನ್ನೆ 1,000 ಟೆಸ್ಟ್ ಮಾಡಿ 50 ಪಾಸಿಟಿವ್ ಬಂತು, ಇವತ್ತು 200 ಟೆಸ್ಟ್ ಮಾಡಿ 20 ಬಂತು ಅಂದುಕೊಳ್ಳಿ. ಟಿವಿಯಲ್ಲಿ ‘ಸೋಂಕು ಇಳಿಕೆ’ ಅಂತ ಓಡುತ್ತದೆ. ಪಾಸಿಟಿವಿಟಿ ದರ, ಅಂದರೆ ನೂರು ಟೆಸ್ಟ್‌ಗೆ ಎಷ್ಟು ಪಾಸಿಟಿವ್ ಅನ್ನುವ ಲೆಕ್ಕ, ಮಾತ್ರ 5%ನಿಂದ 10%ಗೆ ಏರಿದೆ, ಅಂದರೆ ಡಬಲ್ ಆಗಿದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ಇದನ್ನೇ ಹಿಡಿದು: ಸಾಕಷ್ಟು ಟೆಸ್ಟ್ ಮಾಡುತ್ತಾ, ಈ ದರ ಎರಡು ವಾರ 5%ಗಿಂತ ಕೆಳಗೆ ಇದ್ದರೆ ನಿರ್ಬಂಧ ಸಡಿಲಿಸುವ ಮಾತು. 2021ರ ಮೇ 5ರಂದು ಕರ್ನಾಟಕದಲ್ಲಿ 50,112 ಕೇಸ್ ಬಂದಾಗ ಟೆಸ್ಟ್ ಮಾಡಿಸಿಕೊಂಡವರಲ್ಲಿ ಹತ್ತಿರಹತ್ತಿರ ಮೂವರಲ್ಲಿ ಒಬ್ಬರಿಗೆ ಪಾಸಿಟಿವ್. ದರ ಅಷ್ಟು ಏರಿದೆ ಅಂದರೆ ಲೆಕ್ಕಕ್ಕೆ ಸಿಗದವರು ಹೊರಗೆ ಇನ್ನೂ ಎಷ್ಟೋ ಮಂದಿ ಇದ್ದಾರೆ ಅಂತಲೇ ಅರ್ಥ.

ಈ ದರವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಟಾರ್ಗೆಟ್ ಮುಟ್ಟಿಸೋಕೆ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ಹೋಗಿಬರುವವರ ಸ್ವಾಬ್ ತೆಗೆದರೆ ದರ ತಾನಾಗೇ ಇಳಿಯುತ್ತದೆ. ರ‍್ಯಾಪಿಡ್ ಟೆಸ್ಟ್ ಜಾಸ್ತಿಯಾಗಿ ಆರ್‌ಟಿಪಿಸಿಆರ್ ಕಡಿಮೆಯಾದರೂ ಅಷ್ಟೇ, ಏಕೆಂದರೆ ರ‍್ಯಾಪಿಡ್‌ನಲ್ಲಿ ಸೋಂಕು ಇದ್ದವರೂ ಒಂದಷ್ಟು ಮಂದಿ ನೆಗೆಟಿವ್ ಬರುತ್ತಾರೆ. ಎರಡರ ಲೆಕ್ಕ ಬೇರೆಬೇರೆ ಕೊಟ್ಟಿದ್ದರೆ ಅದನ್ನೂ ನೋಡಿಬಿಡಿ.

ಜಿಲ್ಲೆ ಜಿಲ್ಲೆ ಹೋಲಿಸುವಾಗ ಜನಸಂಖ್ಯೆಯಿಂದ ಭಾಗಿಸಿ. 2011ರ ಜನಗಣತಿ ಪ್ರಕಾರ ಕೊಡಗಿನಲ್ಲಿ 5.5 ಲಕ್ಷ ಜನ, ಬೆಳಗಾವಿಯಲ್ಲಿ ಸುಮಾರು 47.8 ಲಕ್ಷ. ಎರಡೂ ಕಡೆ 100 ಕೇಸ್ ಬಂದರೆ ಕೊಡಗಿನಲ್ಲಿ ಲಕ್ಷಕ್ಕೆ 18, ಬೆಳಗಾವಿಯಲ್ಲಿ ಬರೀ 2. ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ?

ಒಂದು ದಿನದ ಅಂಕಿ ಹಿಡಿದು ಕುಣಿಯಬೇಡಿ, ಹೆದರಲೂಬೇಡಿ. ಭಾನುವಾರ ಟೆಸ್ಟ್ ಕಡಿಮೆ, ಅದಕ್ಕೇ ವಾರದ ಮೊದಲಲ್ಲಿ ಕೇಸೂ ಕಡಿಮೆ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ, ಹಿಂದಿನ ವಾರದ್ದರ ಜೊತೆ ಇಟ್ಟು ನೋಡಿ, ಸಾಕು.

ನನಗೆ ಬುಲೆಟಿನ್‌ನಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಮಾತ್ರ ಯಾರೂ ಓದದ ಹಿಂದಿನ ಪುಟಗಳು. 2020ರ ಮೊದಲ ತಿಂಗಳುಗಳಲ್ಲಿ ನಮ್ಮ ರಾಜ್ಯದ ಬುಲೆಟಿನ್ ಪ್ರತಿ ಸೋಂಕಿತರಿಗೂ ‘ಪಿ’ ಅಂತ ನಂಬರ್ ಕೊಟ್ಟು, ವಯಸ್ಸು, ಜಿಲ್ಲೆ, ಸೋಂಕು ಹೇಗೆ ತಗುಲಿತು ಅಂತ ಒಂದು ಸಾಲು ಬರೆಯುತ್ತಿತ್ತು. ಇಂಥ ನಂಬರಿನವರ ಸಂಪರ್ಕ, ಮಹಾರಾಷ್ಟ್ರದಿಂದ ವಾಪಸ್, ಹೀಗೆ. ಅಲ್ಲಿ ‘ಸಂಪರ್ಕ’ ಅಂತಲೇ ಜಾಸ್ತಿ ಇದ್ದರೆ ಪತ್ತೆ ಹಚ್ಚುವವರು ಸೋಂಕಿನ ಬೆನ್ನಿಗೇ ಇದ್ದಾರೆ ಅಂತ ಲೆಕ್ಕ. ಬರೀ ‘ಐಎಲ್ಐ’, ‘ಸಾರಿ’, ‘ಪತ್ತೆ ಹಚ್ಚಲಾಗುತ್ತಿದೆ’ ಅಂತ ತುಂಬಿದ್ದರೆ ಸರಪಳಿ ಕೈತಪ್ಪಿದೆ. ಐಎಲ್ಐ ಅಂದರೆ ಫ್ಲೂ ಥರದ ಜ್ವರ ಕೆಮ್ಮು, ಸಾರಿ ಅಂದರೆ ಆಸ್ಪತ್ರೆಗೆ ಸೇರುವಷ್ಟು ತೀವ್ರ ಉಸಿರಾಟದ ತೊಂದರೆ. ಯಾರಿಂದ ಬಂತೋ ಗೊತ್ತಿಲ್ಲದೆ, ಆಸ್ಪತ್ರೆಗೆ ಬಂದ ಮೇಲೆ ಸಿಕ್ಕಿಬಿದ್ದ ಕೇಸ್‌ಗಳು ಅವು.

ಸಾವಿನ ಪಟ್ಟಿಯಲ್ಲಿ ಬುಲೆಟಿನ್ ತಾರೀಖು ಬಿಟ್ಟು ಸಾವಿನ ತಾರೀಖು ನೋಡಿ. ಎರಡರ ನಡುವೆ ವಾರಗಟ್ಟಲೆ ಅಂತರ ಇದ್ದದ್ದೂ ಉಂಟು. ಸೋಂಕು ತಗುಲಿದವರು ಸಾಯುವುದೇ ಎರಡು ಮೂರು ವಾರದ ಮೇಲೆ, ಲೆಕ್ಕಕ್ಕೆ ಸೇರುವುದು ಇನ್ನೂ ತಡ. ಕೇಸ್ ಇಳಿಯುತ್ತಿರುವಾಗ ಸಾವು ಏರುತ್ತಿದ್ದರೆ ಅದು ಹಳೆಯ ಅಲೆಯ ಬಾಕಿ ಇರಬಹುದು.

ಅಂಕಿ ಹುಟ್ಟುವ ಜಾಗ ಗೊತ್ತಿದ್ದರೂ ಒಳ್ಳೆಯದು. ಕಾಯಿಲೆಗಳ ಮೇಲೆ ಕಣ್ಣಿಡೋಕೆ 2004ರಿಂದ ಐಡಿಎಸ್‌ಪಿ ಅಂತ ದೇಶಕ್ಕೆಲ್ಲ ಒಂದು ವ್ಯವಸ್ಥೆ ಇದೆ. ಅದರಲ್ಲಿ ಮೂರು ಫಾರಂ. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಲಕ್ಷಣ ನೋಡಿ ತುಂಬುವುದು ‘ಎಸ್’, ಡಾಕ್ಟರ್ ಅಂದಾಜಿನ ಮೇಲೆ ತುಂಬುವುದು ‘ಪಿ’ (ಮೇಲೆ ಹೇಳಿದ ಸೋಂಕಿತರ ‘ಪಿ’ ನಂಬರ್ ಬೇರೆ, ಇದು ಬೇರೆ), ಲ್ಯಾಬ್ ಖಚಿತ ಮಾಡುವುದು ‘ಎಲ್’. ಮೊದಲು ಸುಳಿವು ಸಿಗುವುದು ‘ಎಸ್’ನಲ್ಲಿ, ಆದರೆ ನಮಗೆ ಸುದ್ದಿಯಾಗಿ ಬರುವುದು ‘ಎಲ್’. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಂಗನ ಕಾಯಿಲೆ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಪತ್ತೆಯಾದಾಗಿನಿಂದ, ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಅಂದರೆ ಅಲ್ಲಿನವರು ಹುಷಾರಾಗುತ್ತಾರೆ. ಬೆಂಗಳೂರಿನಲ್ಲಿ ಕೊರೊನಾ ವೈರಸ್ಸನ್ನು ಕೊಳಚೆ ನೀರಿನಲ್ಲೂ ಹುಡುಕಿದರು. ಟೆಸ್ಟ್‌ಗೆ ಹೋಗದವರೂ ಶೌಚಾಲಯಕ್ಕೆ ಹೋಗೇ ಹೋಗುತ್ತಾರಲ್ಲ. ಇಂಥ ವರದಿ ನಿಮ್ಮ ಊರಿಗೆ ಸಿಕ್ಕರೆ ಅದನ್ನೂ ಕೇಸ್ ಸಂಖ್ಯೆ ಜೊತೆ ಇಟ್ಟು ನೋಡಿ.

ಇನ್ನು, ನಿಮ್ಮ ಬೀದಿಯಲ್ಲೇ ನಾಲ್ಕಾರು ಮನೆಯಲ್ಲಿ ಒಟ್ಟಿಗೆ ಜ್ವರ ಕಾಣಿಸಿಕೊಂಡರೆ ಬುಲೆಟಿನ್‌ಗೆ ಕಾಯಬೇಡಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೇಳಿ: ಎಷ್ಟು ಮನೆ, ಯಾವತ್ತಿನಿಂದ, ಮಕ್ಕಳಿಗೋ ದೊಡ್ಡವರಿಗೋ, ಎಲ್ಲರೂ ಸೇರಿದ್ದ ಮದುವೆ ಜಾತ್ರೆ ಏನಾದರೂ ಇತ್ತಾ. ಕಾಯಿಲೆ ಬಂದವರ ಹೆಸರು ಅವರಿಗೆ ಕೊಟ್ಟರೆ ಸಾಕು, ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಹಾಕಿದರೆ ಮುಂದಿನ ಮನೆಯವರು ಜ್ವರ ಬಂದರೂ ಬಾಯಿ ಬಿಡುವುದಿಲ್ಲ.