ಮದ್ದು ಹೊಡೆಯುವ ದಿನವನ್ನು ಫೋನಿನಲ್ಲಿ ತಿಳಿಸಿದ ನನ್ನ ಅನುಭವ

ಹೊಸನಗರ ತಾಲ್ಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ನಾನು ಕಾರ್ಯದರ್ಶಿಯಾಗಿದ್ದೇನೆ. ನಮ್ಮ ಸದಸ್ಯರಲ್ಲಿ ಬಹುಪಾಲು ಜನ ಒಂದೆರಡು ಎಕರೆ ಅಡಿಕೆ ತೋಟವುಳ್ಳವರು. ಮಳೆಗಾಲ ಬಂತೆಂದರೆ ಅವರ ಚಿಂತೆಯೆಲ್ಲ ಎಳೆಗಾಯಿ ಕೊಳೆತು ಉದುರುವ ಕೊಳೆರೋಗದ್ದೇ. ಮುಂಗಾರಿಗೆ ಮುನ್ನ ಒಮ್ಮೆ, ಅದಾದ ನಲವತ್ತು ನಲವತ್ತೈದು ದಿನಗಳಿಗೆ ಇನ್ನೊಮ್ಮೆ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು. ಮೊದಲನೆಯದು ಸುಲಭ. ಎರಡನೆಯದು ಪುನರ್ವಸು, ಪುಷ್ಯ ಮಳೆಗಳ ನಡುವೆ ಬರುವುದರಿಂದ, ಹೊಡೆದ ಮದ್ದು ಕಾಯಿಯ ಮೇಲೆ ಒಣಗಿ ಹಿಡಿದುಕೊಳ್ಳುವಷ್ಟು ಹೊತ್ತು ಮಳೆ ನಿಂತು ಹೊಳವಾಗುವುದನ್ನೇ ಕಾಯಬೇಕಾಗುತ್ತದೆ. ಆ ಹೊತ್ತು ಎಂದು ಬರುತ್ತದೆಂಬುದನ್ನು ಒಂದು ದಿನ ಮೊದಲೇ ತಿಳಿಸಲು ಸಾಧ್ಯವಾದರೆ ಸಂಘ ಸದಸ್ಯರಿಗೆ ಸಾಲ ಕೊಡುವುದಕ್ಕಿಂತ ದೊಡ್ಡ ಉಪಕಾರ ಮಾಡಿದಂತಾಗುತ್ತದೆ ಎಂಬ ಯೋಚನೆಯಿಂದ ನಾನು ಈ ಕೆಲಸಕ್ಕೆ ಕೈಹಾಕಿದೆ.

ಮಾಹಿತಿಗೇನೂ ಬರವಿರಲಿಲ್ಲ. ಭಾರತೀಯ ಹವಾಮಾನ ಇಲಾಖೆಯ ಕೃಷಿ ಸಲಹಾ ಪ್ರಕಟಣೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಐದು ದಿನಗಳ ಮುನ್ಸೂಚನೆಯೊಂದಿಗೆ ಬರುತ್ತದೆ. 2019ರಲ್ಲಿ ಬಂದ ಮೇಘದೂತ್ ಆ್ಯಪ್‌ನಲ್ಲಿ ಅದೇ ಮಾಹಿತಿ ಕನ್ನಡದಲ್ಲಿಯೂ ಸಿಗುತ್ತದೆ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್‌ಗೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಯಾರು ಬೇಕಾದರೂ ಕರೆ ಮಾಡಬಹುದು. ಆದ್ದರಿಂದ ಇವನ್ನೆಲ್ಲ ಸೇರಿಸಿ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟರೆ ನನ್ನ ಕೆಲಸ ಮುಗಿಯಿತೆಂದು ಮೊದಲ ವರ್ಷ ಭಾವಿಸಿದ್ದೆ. ಎರಡು ಪುಟದ ಪ್ರಕಟಣೆಯನ್ನು ಹಾಗೆಯೇ ಮುಂದಕ್ಕೆ ಕಳಿಸುತ್ತಿದ್ದೆ. ಅದು ಯಾರೋ ಹಾಕಿದ ಶುಭೋದಯದ ಹೂವಿನ ಚಿತ್ರಗಳ ಕೆಳಗೆ ಹೂತುಹೋಗುತ್ತಿತ್ತು. ಸಂಘಕ್ಕೆ ಮೈಲುತುತ್ತ ಒಯ್ಯಲು ಬಂದ ಹಿರಿಯ ಸದಸ್ಯರೊಬ್ಬರು, "ನೀವು ಕಳಿಸಿದ್ದನ್ನು ಓದಲಿಕ್ಕೆ ಕನ್ನಡಕ ಹುಡುಕಬೇಕು ಮಾರಾಯ್ರೆ, ಕನ್ನಡಕ ಸಿಗುವುದರೊಳಗೆ ಮಳೆ ಬಂದಿರುತ್ತದೆ" ಎಂದರು.

ಮರುವಾರದಿಂದ ಬರೆದು ಕಳಿಸುವುದನ್ನು ನಿಲ್ಲಿಸಿ ಮಾತನಾಡಿ ಕಳಿಸತೊಡಗಿದೆ. ಒಂದು ನಿಮಿಷಕ್ಕೆ ಮೀರದ ಧ್ವನಿಸಂದೇಶ, ಸಂಜೆ ಏಳು ಗಂಟೆಗೆ, ಊರಿನ ಮಾತಿನಲ್ಲಿಯೇ. ತಾರೀಖಿನ ಬದಲು ಮಳೆ ನಕ್ಷತ್ರದ ಪಾದವನ್ನು ಹೇಳಿದರೆ ಜನ ತಕ್ಷಣ ಲೆಕ್ಕ ಹಾಕುತ್ತಿದ್ದರು. ನಮ್ಮಲ್ಲಿ ಕರೆಂಟು ಹೋಗಿ ಎರಡು ದಿನ ಬಾರದಿದ್ದರೆ ಟವರ್‌ನ ಬ್ಯಾಟರಿಯೂ ಇಳಿದುಹೋಗುತ್ತದೆ. ಸಿಗ್ನಲ್ ಇರುವ ಸ್ವಲ್ಪ ಹೊತ್ತಿನಲ್ಲಿ ವಿಡಿಯೊ ಇಳಿಯುವುದಿಲ್ಲ, ಸಣ್ಣ ಧ್ವನಿಸಂದೇಶ ಇಳಿಯುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ ಅದೇ ಮಾತನ್ನು ಹಾಲಿನ ಡೈರಿಯ ಕರಿಹಲಗೆಯ ಮೇಲೆ ಎರಡು ಸಾಲಿನಲ್ಲಿ ಬರೆಸುವ ವ್ಯವಸ್ಥೆ ಮಾಡಿದೆ. ಬೆಳಿಗ್ಗೆ ಹಾಲು ಹಾಕಲು ಬಂದವರೆಲ್ಲರೂ ಅದನ್ನು ಓದದೆ ಹೋಗುತ್ತಿರಲಿಲ್ಲ. ಸೀಮೆಸುಣ್ಣವನ್ನು ತಂತ್ರಜ್ಞಾನವೆಂದು ಕರೆಯಬಹುದೇ ಎಂಬುದು ಬೇರೆ ಪ್ರಶ್ನೆ.

ಜನ ಕೇಳತೊಡಗಿದ ಮೇಲೆ ನಾನು ಒಂದು ತಪ್ಪು ಮಾಡಿದೆ. ಒಂದು ಶುಕ್ರವಾರದ ಪ್ರಕಟಣೆಯಲ್ಲಿ "ಅಲ್ಲಲ್ಲಿ ಹಗುರದಿಂದ ಸಾಧಾರಣ ಮಳೆಯ ಸಾಧ್ಯತೆ" ಎಂದಿತ್ತು. ಮಾತು ಚಿಕ್ಕದಾಗಲಿ ಎಂದು ನಾನು ಅದನ್ನು "ಎರಡು ದಿನ ಮಳೆ ಕಡಿಮೆ, ಮದ್ದು ಹೊಡೆಯಬಹುದು" ಎಂದು ಹೇಳಿಬಿಟ್ಟೆ. "ಅಲ್ಲಲ್ಲಿ" ಎಂಬ ಪದದೊಳಗೆ ನಮ್ಮ ಊರೂ ಸೇರಿತ್ತು. ಮದ್ದು ಹೊಡೆದು ಮರದಿಂದ ಇಳಿಯುವಷ್ಟರಲ್ಲಿ ಮಳೆ ಸುರಿಯಿತು. ಅಂಟಲೆಂದು ರಾಳ ಬೆರೆಸಿದವರ ಮದ್ದೂ ಉಳಿಯಲಿಲ್ಲ. ಕೂಲಿ, ಮೈಲುತುತ್ತ, ಸುಣ್ಣ ಎಲ್ಲದರ ಖರ್ಚು ನೀರುಪಾಲಾಯಿತು. ಅಂದಿನಿಂದ ಸಾಧ್ಯತೆಯನ್ನು ಸಾಧ್ಯತೆಯೆಂದೇ ಹೇಳುತ್ತೇನೆ, ಮುನ್ಸೂಚನೆಯ ಜೊತೆಗೆ ಆಗಿಹೋದದ್ದನ್ನೂ ಹೇಳುತ್ತೇನೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದಲ್ಲಿ ಬೆಳಿಗ್ಗೆ ಎಂಟೂವರೆಯವರೆಗೆ ಎಷ್ಟು ಮಿಲಿಮೀಟರ್ ದಾಖಲಾಗಿದೆ ಎಂಬುದನ್ನು ಪ್ರತಿದಿನ ತಿಳಿಸುವುದು ಹಾಗೆ ಶುರುವಾಯಿತು. ಇದನ್ನು ಜನ ಮುನ್ಸೂಚನೆಗಿಂತ ಹೆಚ್ಚು ಆಸಕ್ತಿಯಿಂದ ಕೇಳುತ್ತಾರೆ, ಏಕೆಂದರೆ ಅಡಿಕೆಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ತೋಟದಲ್ಲಿ ಉದುರಿದ ಕಾಯಿಯನ್ನು ಎಣಿಸಿ ಅಲ್ಲ, ದಾಖಲಾದ ಹವಾಮಾನದ ಅಂಕಿಗಳನ್ನು ನೋಡಿ.

ಇಷ್ಟಾದರೂ ಮದ್ದು ಸಮಯಕ್ಕೆ ಬೀಳುತ್ತಿರಲಿಲ್ಲ. ಕಾರಣ ತಿಳಿಯಲು ನನಗೆ ಇನ್ನೊಂದು ಮಳೆಗಾಲವೇ ಬೇಕಾಯಿತು. ನಾನು ಸಂದೇಶ ಕಳಿಸುತ್ತಿದ್ದುದು ತೋಟದ ಯಜಮಾನರಿಗೆ; ಮರ ಹತ್ತುವವರು ಕೊನೆಗಾರರು. ಸುತ್ತಲಿನ ನಾಲ್ಕು ಊರುಗಳಿಗೆ ಇರುವವರೇ ಬೆರಳೆಣಿಕೆಯ ಜನ, ಅವರಲ್ಲಿ ಒಬ್ಬರೂ ನಮ್ಮ ಗುಂಪಿನಲ್ಲಿರಲಿಲ್ಲ. ನಾಳೆ ಹೊಳವಿದೆಯೆಂದು ನಾನು ಹೇಳಿದ ಕೂಡಲೇ ಎಲ್ಲ ಯಜಮಾನರೂ ಏಕಕಾಲಕ್ಕೆ ಅದೇ ಕೊನೆಗಾರರಿಗೆ ಫೋನ್ ಮಾಡುತ್ತಿದ್ದರು. ಮೊದಲು ಕರೆ ಮಾಡಿದವರ, ಇಲ್ಲವೇ ಹೆಚ್ಚು ಕೂಲಿ ಹೇಳಿದವರ ತೋಟಕ್ಕೆ ಅವರು ಹೋಗುತ್ತಿದ್ದರು. ನನ್ನ ಸಂದೇಶದಿಂದ ಸಣ್ಣ ಹಿಡುವಳಿದಾರರಿಗೆ ಸಹಾಯವಾಗುವ ಬದಲು ಅವರು ಸರದಿಯಲ್ಲಿ ಇನ್ನಷ್ಟು ಹಿಂದೆ ಬೀಳುತ್ತಿದ್ದರು. ಇದನ್ನು ಒಪ್ಪಿಕೊಳ್ಳುವುದು ನನಗೆ ಸುಲಭವಾಗಿರಲಿಲ್ಲ.

ಕೊನೆಗಾರರನ್ನು ಸಂಘಕ್ಕೆ ಕರೆದು ಮಾತನಾಡಿದೆವು. ಅವರಿಗೆಂದೇ ಬೇರೆ ಗುಂಪು ಮಾಡಿ, ಹವಾಮಾನದ ಸುದ್ದಿಯನ್ನು ಯಜಮಾನರಿಗಿಂತ ಮೊದಲು ಅವರಿಗೆ ಕೊಡತೊಡಗಿದೆ. ಯಾವ ತೋಟಕ್ಕೆ ಮೊದಲ ಮದ್ದು ಎಂದು ಬಿದ್ದಿದೆ ಎಂಬುದು ಸಂಘದ ಪುಸ್ತಕದಲ್ಲಿ ಇರುವುದರಿಂದ, ನಲವತ್ತು ದಿನ ದಾಟಿದ ತೋಟಗಳ ಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆದು ಒಂದೇ ಕೇರಿಯವುಗಳನ್ನು ಒಟ್ಟಿಗೆ ಸೇರಿಸಿ ಅವರಿಗೆ ಓದಿ ಹೇಳುತ್ತೇನೆ. ಅವರಿಗೆ ಓಡಾಟ ತಪ್ಪುತ್ತದೆ, ಅರ್ಧ ಎಕರೆಯವನ ತೋಟವೂ ಪಕ್ಕದ ದೊಡ್ಡ ತೋಟದ ಜೊತೆಗೇ ಮುಗಿಯುತ್ತದೆ. ಎಲ್ಲರೂ ಈ ಸರದಿಯನ್ನು ಪಾಲಿಸುತ್ತಾರೆಂದು ನಾನು ಹೇಳಲಾರೆ.

ಎಲೆಚುಕ್ಕೆ ರೋಗದ ಕಾಟ ಹೆಚ್ಚಿದ ಮೇಲೆ ಫೋಟೊಗಳು ಬರತೊಡಗಿವೆ. ಒಂದು ಎಲೆಯ ಮಸುಕು ಚಿತ್ರವನ್ನು ನೋಡಿ ಯಾವ ವಿಜ್ಞಾನಿಯೂ ಏನನ್ನೂ ಹೇಳಲಾರರಾದ್ದರಿಂದ ಎಲೆಯ ಮೇಲ್ಭಾಗ, ಕೆಳಭಾಗ, ಇಡೀ ಮರ ಮತ್ತು ಪಕ್ಕದ ಮರ ಹೀಗೆ ನಾಲ್ಕು ಚಿತ್ರಗಳು ಬೇಕೆಂದು ತಿಳಿಸಿ, ಸ್ಪಷ್ಟವಾಗಿರುವುದನ್ನು ಮಾತ್ರ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸುತ್ತೇನೆ.

ಕಳೆದ ಎರಡು ವರ್ಷಗಳಿಂದ ಗುಂಪಿಗೆ ಬೆಂಗಳೂರಿನಲ್ಲಿರುವ ಮಕ್ಕಳನ್ನೂ ಸೇರಿಸುತ್ತಿದ್ದೇನೆ. ನಮ್ಮ ಅನೇಕ ಮನೆಗಳಲ್ಲಿ ಈಗ ಉಳಿದಿರುವವರು ವಯಸ್ಸಾದ ತಂದೆತಾಯಿ ಮಾತ್ರ. ಸಂದೇಶ ಮೊದಲು ಮಗನಿಗೆ ತಲುಪಿ, ಅವನು ಮನೆಗೆ ಫೋನ್ ಮಾಡಿದಾಗಲೇ ಅದು ತೋಟಕ್ಕೆ ಬರುವುದು. ಕಳೆದ ಪುನರ್ವಸುವಿನಲ್ಲಿ ಅಂಥ ಒಬ್ಬ ಹುಡುಗ ಬೆಳಿಗ್ಗೆ ಆರೂವರೆಗೇ ಕರೆ ಮಾಡಿದ್ದ. ಒಂದು ಕಿಲೊ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿಯೂ, ಒಂದು ಕಿಲೊ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿಯೂ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಆಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡಬೇಕು ಎಂದು ನಾನು ಹಿಂದಿನ ಸಂಜೆ ಹೇಳಿದ್ದನ್ನು ಅವನು ತಾಯಿಗೆ ದಾಟಿಸಿದ್ದ. "ಸರ್, ಅಮ್ಮ ಕತ್ತಿ ಅದ್ದಿದರೆ ಕೆಂಪಗೆ ಆಗುತ್ತಿದೆಯಂತೆ, ಕೊನೆಗಾರರು ಅಂಗಳದಲ್ಲಿ ಕೂತಿದ್ದಾರಂತೆ, ಏನು ಮಾಡಬೇಕು?" ಎಂದ. ಸುಣ್ಣ ಸಾಲದೆಂದು ಅರ್ಥ, ಇನ್ನೊಂದಿಷ್ಟು ತಿಳಿಸುಣ್ಣ ಬೆರೆಸಿ ಮತ್ತೆ ಅದ್ದಲಿ, ಕತ್ತಿ ಕೆಂಪಾಗದಿದ್ದ ಮೇಲೆ ಮರ ಹತ್ತಲಿ ಎಂದೆ. ಹತ್ತು ನಿಮಿಷದ ನಂತರ ಅವನಿಂದ ಒಂದು ಫೋಟೊ ಬಂತು: ಪ್ಲಾಸ್ಟಿಕ್ ಡ್ರಮ್ಮಿನ ಅಂಚಿನ ಮೇಲೆ ಬಣ್ಣ ಬದಲಾಗದ ಕತ್ತಿ, ಹಿಂದೆ ತೋಟದ ಕಡೆಗೆ ನಡೆಯುತ್ತಿರುವ ಇಬ್ಬರು.