ಪಟ್ಟಿಯಲ್ಲಿದೆ, ಕೋಣೆಯಲ್ಲಿಲ್ಲ: ಶಾಲೆಗಳ ಗ್ರಾಂಟ್ ಸಾಮಾನಿನ ಲೆಕ್ಕ ಹಿಡಿದ ನನ್ನ ಅನುಭವ

ಆಡಿಟರ್ ನನ್ನ ಕೈಗೆ 25 ಸಾಲಿನ ಒಂದು ಪಟ್ಟಿ ಕೊಟ್ಟರು. ಎಲ್ಲವೂ ಫೆಡರಲ್ ಗ್ರಾಂಟ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಅನುದಾನದ ದುಡ್ಡಿನಲ್ಲಿ ಕೊಂಡ ಸಾಮಾನು. ಒಂದೊಂದನ್ನೂ ಕಣ್ಣಾರೆ ನೋಡಬೇಕು ಎಂದರು. ಸಂಜೆ ಹೊತ್ತಿಗೆ 19 ಸಿಕ್ಕವು. ಉಳಿದ 6 ಸಿಗಲು ಇನ್ನೂ ನಾಲ್ಕು ದಿನ ಹಿಡಿಯಿತು. ಅವೇನೂ ಕಳುವಾಗಿರಲಿಲ್ಲ. ನಮ್ಮ ದಾಖಲೆ ಹೇಳಿದ ಜಾಗದಲ್ಲಿ ಇರಲಿಲ್ಲ, ಅಷ್ಟೆ. ಅದರಲ್ಲಿ ಒಂದು ಪ್ರೊಜೆಕ್ಟರ್ ಮಾತ್ರ ಬೇರೆ ಶಾಲೆಗೇ ಹೋಗಿ ಕೂತಿತ್ತು. ಅದನ್ನು ಕೊಂಡದ್ದು ಟೈಟಲ್ ಒನ್ ಎಂಬ ಗ್ರಾಂಟಿನಲ್ಲಿ, ಆ ಶಾಲೆಗೆ ಆ ಹಣವೇ ಬರುತ್ತಿರಲಿಲ್ಲ. ನನ್ನ ತಲೆನೋವು ಶುರುವಾಗಿದ್ದು ಅಲ್ಲಿಂದ.

ನಾನು ಕೆಲಸ ಮಾಡುವುದು ಅಮೆರಿಕದ ಒಂದು ಸಣ್ಣ ಸ್ಕೂಲ್ ಡಿಸ್ಟ್ರಿಕ್ಟ್‌ನ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಲೆಕ್ಕಪತ್ರ ವಿಭಾಗದಲ್ಲಿ. ಒಟ್ಟು 7 ಶಾಲೆಗಳು. ಸಾಮಾನಿನ ಲೆಕ್ಕ ಇಡುವ ಕೆಲಸವನ್ನು ನಾನು ಕೇಳಿ ತೆಗೆದುಕೊಂಡಿದ್ದಲ್ಲ. ಮುಂಚೆ ನೋಡಿಕೊಳ್ಳುತ್ತಿದ್ದವರು ಬಿಟ್ಟು ಹೋದರು, ಅವರ ಸ್ಪ್ರೆಡ್‌ಶೀಟ್ ನನ್ನ ತಲೆಗೆ ಬಂತು. ಅದರಲ್ಲಿ ಇದ್ದದ್ದು ಸಾಮಾನಿನ ಹೆಸರು, ಶಾಲೆ, ಬೆಲೆ. ಯಾವ ದುಡ್ಡಿನಲ್ಲಿ ಕೊಂಡದ್ದು ಅಂತ ಎಲ್ಲೂ ಬರೆದಿರಲಿಲ್ಲ.

ಇಲ್ಲಿಯ ಸರ್ಕಾರಿ ಶಾಲೆಗೆ ದುಡ್ಡು ಬರುವ ದಾರಿ ಹಲವು. ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ ಟೈಟಲ್ ಒನ್. ವಿಶೇಷ ಅಗತ್ಯದ ಮಕ್ಕಳಿಗೆ ಐಡಿಇಎ. ವೆಲ್ಡಿಂಗ್, ಆಟೋ ರಿಪೇರಿಯಂಥ ವೃತ್ತಿ ಶಿಕ್ಷಣಕ್ಕೆ ಪರ್ಕಿನ್ಸ್. ಪ್ರತಿಯೊಂದಕ್ಕೂ ಅದರದೇ ಕಟ್ಟುಪಾಡು. ಟೈಟಲ್ ಒನ್ ಒಂದನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಕನಿಷ್ಠ 40% ಮಕ್ಕಳು ಬಡ ಕುಟುಂಬದವರಾಗಿದ್ದರೆ ಆ ಶಾಲೆ ಹಣವನ್ನು ಇಡೀ ಶಾಲೆಗಾಗಿ ಬಳಸುವ ಯೋಜನೆ ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಆಯ್ದ ಮಕ್ಕಳಿಗೆ ಮಾತ್ರ. ಅಂದರೆ ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಎರಡು ಪ್ರೊಜೆಕ್ಟರ್ ಅಕ್ಕಪಕ್ಕದಲ್ಲಿ ಇದ್ದರೂ, ಡಿಸ್ಟ್ರಿಕ್ಟ್‌ನ ಸ್ವಂತ ದುಡ್ಡಿನದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಗ್ರಾಂಟಿನದನ್ನು ಒಯ್ಯುವ ಹಾಗಿಲ್ಲ. ನೋಡಿದರೆ ಗೊತ್ತಾಗುತ್ತಾ? ಇಲ್ಲ. ಹಾಗಾಗಿ ನಾವು ಹಿಂಬಾಲಿಸಬೇಕಾದ್ದು ಬರೀ ಸಾಮಾನನ್ನಲ್ಲ, ಅದರ ಬೆನ್ನಿಗೆ ಅಂಟಿರುವ ದುಡ್ಡಿನ ಹೆಸರನ್ನು.

ನಿಯಮ ಇರುವುದು ಫೆಡರಲ್ ನಿಯಮಾವಳಿಯ 2 ಸಿಎಫ್‌ಆರ್ 200.313ರಲ್ಲಿ. ವಿವರಣೆ, ಸೀರಿಯಲ್ ನಂಬರ್, ಯಾವ ಗ್ರಾಂಟ್, ಒಡೆತನ ಯಾರದು, ಯಾವಾಗ ಕೊಂಡದ್ದು, ಎಷ್ಟಕ್ಕೆ, ಅದರಲ್ಲಿ ಫೆಡರಲ್ ಪಾಲು ಶೇಕಡಾ ಎಷ್ಟು, ಎಲ್ಲಿದೆ, ಹೇಗಿದೆ, ಕೊನೆಗೆ ಏನಾಯಿತು. ಇಷ್ಟೂ ದಾಖಲೆಯಲ್ಲಿ ಇರಬೇಕು. ಕನಿಷ್ಠ 2 ವರ್ಷಕ್ಕೊಮ್ಮೆ ಹೋಗಿ ಎಣಿಸಿ, ಎಣಿಕೆಯನ್ನು ದಾಖಲೆ ಜೊತೆ ತಾಳೆ ನೋಡಬೇಕು. ನಮ್ಮಲ್ಲಿ ಇದ್ದದ್ದು ಮೂರು ಕಾಲಂ.

ಉಳಿದ ಕಾಲಂ ತುಂಬಿಸಲು ಹಳೆಯ ಖರೀದಿ ಆದೇಶಗಳನ್ನು ಒಂದೊಂದಾಗಿ ಬಿಡಿಸಿದೆ. ಮೂರು ತಿಂಗಳು. ತೀರಾ ಬೇಜಾರಿನ ಕೆಲಸ. ಆದರೆ ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದು ಟ್ರಾಲಿ, ಅದರೊಳಗೆ 30 ಕ್ರೋಮ್‌ಬುಕ್ (ಗೂಗಲ್‌ನ ಕ್ರೋಮ್ ವ್ಯವಸ್ಥೆಯ ಲ್ಯಾಪ್‌ಟಾಪ್). ಪಟ್ಟಿಯಲ್ಲಿ ಅದು ಒಂದೇ ಸಾಲು. ಖರೀದಿ ಆದೇಶ ನೋಡಿದರೆ ಟ್ರಾಲಿ ಡಿಸ್ಟ್ರಿಕ್ಟ್‌ನ ಸ್ವಂತ ದುಡ್ಡಿನದು, ಯಂತ್ರಗಳು ಗ್ರಾಂಟಿನವು. ಒಂದೇ ಸಾಲು 31 ಸಾಲಾಯಿತು.

ಬಾರ್‌ಕೋಡ್ ಸ್ಕ್ಯಾನರ್ ಬಂದ ಮೇಲೆ ಎಲ್ಲ ಸಲೀಸು ಅಂದುಕೊಂಡಿದ್ದೆ. ಮೊದಲ ದಿನವೇ ಎಡವಟ್ಟು. ಲ್ಯಾಪ್‌ಟಾಪ್ ಡಬ್ಬಿಯ ಮೇಲೆ ಮೂರು ನಾಲ್ಕು ಬಾರ್‌ಕೋಡ್ ಇರುತ್ತವೆ. ಅದರಲ್ಲಿ ಒಂದು ಅಂಗಡಿಯವರಿಗಾಗಿ ಇರುವ ಮಾಡೆಲ್ ಕೋಡ್. ನನ್ನ ಸಹಾಯಕ್ಕೆ ಬಂದ ಹುಡುಗ ಪಾಪ ಅದನ್ನೇ ಸ್ಕ್ಯಾನ್ ಮಾಡುತ್ತ ಹೋದ. ಸಂಜೆ ನೋಡಿದರೆ 120 ಯಂತ್ರಕ್ಕೆ ಒಂದೇ ಸೀರಿಯಲ್ ನಂಬರ್! ಆಮೇಲೆ ಡಬ್ಬಿಯನ್ನು ನಂಬುವುದು ಬಿಟ್ಟೆವು. ಯಂತ್ರದ ಬೆನ್ನ ಮೇಲಿನದನ್ನೇ ಓದಬೇಕು. ಹಾಳೆಯಲ್ಲಿ ಒಂದೇ ನಂಬರ್ ಎರಡು ಸಲ ಬಂದರೆ ಕೆಂಪಾಗುವ ಹಾಗೆ ಮಾಡಿಟ್ಟೆ.

ಎಕ್ಸೆಲ್ ಕೂಡ ಸುಮ್ನೆ ಇರುವುದಿಲ್ಲ. ಸೀರಿಯಲ್ ನಂಬರ್ ಸೊನ್ನೆಯಿಂದ ಶುರುವಾದರೆ ಸೊನ್ನೆಯನ್ನು ನುಂಗಿಬಿಡುತ್ತದೆ. ಅಂಕಿಗಳ ಮಧ್ಯೆ ಇಂಗ್ಲಿಷಿನ ಒಂದು E ಅಕ್ಷರ ಇತ್ತೋ, ಉದಾಹರಣೆಗೆ 48213E07, ಅದನ್ನು ಗಣಿತದ ದೊಡ್ಡ ಸಂಖ್ಯೆ ಎಂದುಕೊಂಡು ಬದಲಿಸಿಬಿಡುತ್ತದೆ. ಅಂಟಿಸುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿಡಬೇಕು. ಆಮೇಲೆ ಮಾಡಿದರೆ ಹೋದದ್ದು ಹೋಯಿತು.

ಇನ್ನೊಂದು ಯಾರೂ ಹೇಳಿಕೊಡದ ವಿಷಯ ವಾರಂಟಿ. ಕೆಟ್ಟ ಯಂತ್ರ ಕಳಿಸುತ್ತೇವೆ, ಅವರು ಬದಲಿ ಕೊಡುತ್ತಾರೆ. ಬದಲಿಗೆ ಬೇರೆ ಸೀರಿಯಲ್ ನಂಬರ್ ಇರುತ್ತದೆ. ಟೆಕ್ನಿಷಿಯನ್ ಹಳೆ ಟ್ಯಾಗ್ (ನಾವು ಸಾಮಾನಿಗೆ ಹಚ್ಚುವ ಗುರುತಿನ ಚೀಟಿ) ಕಿತ್ತು ಹೊಸದಕ್ಕೆ ಹಚ್ಚಿದರೆ ಟ್ಯಾಗ್ ಒಂದು ಹೇಳುತ್ತದೆ, ಯಂತ್ರ ಒಂದು ಹೇಳುತ್ತದೆ. ಈಗ ಬದಲಿ ಬಂದರೆ ಹೊಸ ಟ್ಯಾಗ್, ಹೊಸ ಸಾಲು. ಹಳೆಯ ಸಾಲಿನಲ್ಲಿ "ವಾರಂಟಿಯಲ್ಲಿ ಬದಲಾಯಿತು, ನೋಡಿ ಇಂಥ ಟ್ಯಾಗ್" ಎಂಬ ಬರಹ. ಸಾಲು ಅಳಿಸುವುದಂತೂ ಇಲ್ಲವೇ ಇಲ್ಲ. ಮುರಿದರೂ, ಕಳೆದರೂ, ಮಾರಿದರೂ ಸಾಲು ಉಳಿಯುತ್ತದೆ, ಸ್ಥಿತಿ ಬದಲಾಗುತ್ತದೆ. ಅಳಿಸಿದ ಸಾಲಿಗೆ ಆಡಿಟರ್ ಮುಂದೆ ಉತ್ತರ ಇರುವುದಿಲ್ಲ.

ಬೆಲೆಯ ಮಿತಿ ಬಗ್ಗೆ ಎರಡು ಮಾತು. ಫೆಡರಲ್ ಲೆಕ್ಕದಲ್ಲಿ "ಸಲಕರಣೆ" ಅನ್ನಿಸಿಕೊಳ್ಳಲು ಒಂದು ಸಾಮಾನಿನ ಬೆಲೆ 5,000 ಡಾಲರ್ ಆದರೂ ಇರಬೇಕಿತ್ತು. 2024ರ ಅಕ್ಟೋಬರ್ 1ರಿಂದ ಕೊಟ್ಟ ಗ್ರಾಂಟ್‌ಗಳಿಗೆ ಅದು 10,000 ಡಾಲರ್. ಇದು ಗೊತ್ತಾದ ಕೂಡಲೇ ನಮ್ಮಲ್ಲಿ ಒಬ್ಬರು, "ಹಾಗಾದರೆ ಕ್ರೋಮ್‌ಬುಕ್ ಲೆಕ್ಕ ಬಿಟ್ಟುಬಿಡೋಣ" ಎಂದರು. ಬಿಡುವಂತಿಲ್ಲ. ಗ್ರಾಂಟಿನಿಂದ ಬಂದ ಎಲ್ಲ ಆಸ್ತಿಯ ಮೇಲೂ ಹಿಡಿತ ಇರಬೇಕು ಅಂತ ಇನ್ನೊಂದು ಕಡೆ ನಿಯಮ ಹೇಳುತ್ತದೆ. ಅಲ್ಲದೆ ಕಳೆದುಹೋಗುವುದು ಸಣ್ಣದೇ. 14,000 ಡಾಲರಿನ ಸಿಎನ್‌ಸಿ ಯಂತ್ರವನ್ನು (ಕಂಪ್ಯೂಟರ್ ನಡೆಸುವ, ಲೋಹ ಮರ ಕೊರೆಯುವ ಯಂತ್ರ) ಯಾರೂ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವುದಿಲ್ಲ, ಅಲ್ವಾ?

ಕೋವಿಡ್ ಕಾಲದಲ್ಲಿ ಎಸ್ಸರ್ ಎಂಬ ಫೆಡರಲ್ ಪರಿಹಾರ ನಿಧಿಯ ಹೆಸರಿನಲ್ಲಿ ದೇಶದ ಶಾಲೆಗಳಿಗೆ ಮೂರು ಕಂತಿನಲ್ಲಿ ಸುಮಾರು 190 ಬಿಲಿಯನ್ ಡಾಲರ್ ಬಂತು. ನಮ್ಮ ಪಾಲಿನದರಲ್ಲಿ ಬಹಳಷ್ಟು ಹೋದದ್ದು ಮಕ್ಕಳ ಯಂತ್ರಗಳಿಗೆ. ಅವಸರದ ದಿನಗಳು. ಡಬ್ಬಿಗಳು ನೇರ ಶಾಲೆಗಳಿಗೆ ಬಂದವು, ನೇರ ಮಕ್ಕಳ ಮನೆಗೆ ಹೋದವು. ಟ್ಯಾಗ್ ಹಚ್ಚಲು ಯಾರಿಗೂ ಪುರುಸೊತ್ತು ಇರಲಿಲ್ಲ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ಆಮೇಲೆ ಹುಡುಕಿದ್ದು ನಾನು. ಇಲ್ಲಿ ಕೈ ಹಿಡಿದದ್ದು ಗೂಗಲ್‌ನ ಆಡಳಿತ ಪುಟ. ಯಾವ ಯಂತ್ರ ಕೊನೆಯ ಸಲ ಯಾವಾಗ ನೆಟ್‌ಗೆ ಸೇರಿತು, ಯಾರು ಲಾಗಿನ್ ಆಗಿದ್ದರು ಎಂದು ಅದು ತೋರಿಸುತ್ತದೆ. ನಿನ್ನೆ ಬಳಸಿದ ಯಂತ್ರವನ್ನು ಹುಡುಕಬೇಕಿಲ್ಲ. 90 ದಿನದಿಂದ ಸದ್ದೇ ಇಲ್ಲದವನ್ನು ಮಾತ್ರ ಹುಡುಕಿದರೆ ಸಾಕು.

ಹಾಗೆ ಪಟ್ಟಿ ಹಿಡಿದು ಶಾಲೆ ಶಾಲೆ ತಿರುಗಿದ ಮೇಲೆ, ಇನ್ನೇನು ಮುಗಿಯಿತು ಅಂದುಕೊಂಡೆ. ಅರ್ಧ ಕೆಲಸ ಆಗಿತ್ತು, ಅಷ್ಟೇ. ಪಟ್ಟಿಯಿಂದ ಕೋಣೆಗೆ ಹೋದರೆ ಇಲ್ಲದ್ದು ಗೊತ್ತಾಗುತ್ತದೆ. ಕೋಣೆಯಿಂದ ಪಟ್ಟಿಗೆ ಬಂದರೆ, ಅಂದರೆ ಕೋಣೆಗೆ ಹೋಗಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಪಟ್ಟಿಯಲ್ಲಿ ಹುಡುಕಿದರೆ, ಲೆಕ್ಕಕ್ಕೇ ಬಾರದ್ದು ಗೊತ್ತಾಗುತ್ತದೆ. ನಮ್ಮ ಒಂದು ಶಾಲೆಯಲ್ಲಿ ಮೂರು 3ಡಿ ಪ್ರಿಂಟರ್ ಇದ್ದವು. ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಬಿಲ್ ನೋಡಿದರೆ ಪರ್ಕಿನ್ಸ್ ದುಡ್ಡು. ಪಟ್ಟಿಯಲ್ಲಿ ಮಾತ್ರ ಇರುವುದಕ್ಕೆ ಈ ಕೆಲಸದವರು ಭೂತ ಅನ್ನುತ್ತಾರೆ. ಇಂಥವಕ್ಕೆ ಏನನ್ನಬೇಕೋ, ನಾನು ಅನಾಥ ಅನ್ನುತ್ತೇನೆ.

ಸಾಮಾನು ಜಾಗ ಬಿಡುವುದು ಯಾವಾಗ ಎಂದು ಒಂದು ವರ್ಷ ಬರೆದಿಟ್ಟೆ. ಬಹುಪಾಲು ಬೇಸಿಗೆ ರಜೆಯಲ್ಲಿ. ನೆಲಕ್ಕೆ ಪಾಲಿಶ್ ಹಾಕಲು ಕೋಣೆ ಪೂರ್ತಿ ಖಾಲಿ ಮಾಡುತ್ತಾರೆ. ವಾಪಸ್ ಇಡುವಾಗ ಯಾವುದು ಯಾವ ಕೋಣೆಯದು ಅಂತ ಯಾರಿಗೆ ನೆನಪಿರುತ್ತದೆ? ಶಿಕ್ಷಕರು ಕೋಣೆ ಬದಲಿಸುವುದೂ ಆಗಲೇ. "ನನ್ನ" ಪ್ರಿಂಟರ್ ಅಂತ ತಳ್ಳಿಕೊಂಡು ಹೋಗುತ್ತಾರೆ. ನಾವೋ, ಎಣಿಸುತ್ತಿದ್ದದ್ದು ಮೇ ತಿಂಗಳಲ್ಲಿ. ಎಣಿಸಿದ ಮೂರೇ ವಾರಕ್ಕೆ ಎಲ್ಲ ಅದಲುಬದಲು. ಈಗ ಸೆಪ್ಟೆಂಬರ್ ಕೊನೆಯಲ್ಲಿ ಎಣಿಸುತ್ತೇನೆ.

ಶಾಲೆಯಲ್ಲಿ ಯಾವ ಸಾಮಾನು ಎಲ್ಲಿದೆ ಅಂತ ನಿಜವಾಗಿ ಗೊತ್ತಿರುವುದು ಕಸ್ಟೋಡಿಯನ್‌ಗಳಿಗೆ, ಅಂದರೆ ಕಟ್ಟಡದ ಸ್ವಚ್ಛತೆ, ನಿರ್ವಹಣೆ ನೋಡಿಕೊಳ್ಳುವವರಿಗೆ. ಪ್ರಿನ್ಸಿಪಾಲರಿಗೆ ಕಳಿಸಿದ ಇಮೇಲ್‌ಗಿಂತ ಅವರ ಜೊತೆ ಹತ್ತು ನಿಮಿಷ ನಿಂತು ಮಾತಾಡಿದ್ದು ನನಗೆ ಹೆಚ್ಚು ಕೆಲಸಕ್ಕೆ ಬಂತು. ಅವರಿಗಾಗಿಯೇ ಟ್ಯಾಗ್‌ಗೆ ಬಣ್ಣ ಹಾಕಿದೆ. ಟೈಟಲ್ ಒನ್ ನೀಲಿ, ಪರ್ಕಿನ್ಸ್ ಹಳದಿ, ಐಡಿಇಎ ಹಸಿರು. ನೀಲಿ ಟ್ಯಾಗ್ ಇರುವುದನ್ನು ಶಾಲೆಯಿಂದ ಆಚೆ ಕಳಿಸುವ ಮೊದಲು ಫೋನ್ ಮಾಡಿ ಎಂದೆ. ದೊಡ್ಡ ಸಾಫ್ಟ್‌ವೇರ್ ಕೊಳ್ಳೋಣ ಎಂಬ ಮಾತು ಆಗಾಗ ಬರುತ್ತದೆ. ಕೊಂಡರೂ ಬೇಡ ಎನ್ನುವುದಿಲ್ಲ, ಆದರೆ ಸಾಮಾನು ಜಾಗ ಬಿಟ್ಟಾಗ ಒಬ್ಬ ಮನುಷ್ಯ ಹೇಳದಿದ್ದರೆ ಅದಕ್ಕೂ ಗೊತ್ತಾಗುವುದಿಲ್ಲ.

ಟ್ಯಾಗ್ ಎಲ್ಲಿ ಹಚ್ಚುವುದು ಎನ್ನುವುದೂ ಸಣ್ಣ ವಿಷಯ ಅಲ್ಲ. ಮಕ್ಕಳು ಸ್ಟಿಕ್ಕರ್ ಕಂಡರೆ ಉಗುರು ಹಾಕುತ್ತಾರೆ. ವೆಲ್ಡಿಂಗ್ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಟ್ಯಾಗ್ ಸುಟ್ಟೇ ಹೋಯಿತು, ಅಲ್ಲಿಗೆ ರಿವೆಟ್ ಹೊಡೆಯುವ ಲೋಹದ್ದೇ ಸರಿ. ಎಲ್ಲ ಯಂತ್ರಕ್ಕೂ ಒಂದೇ ಜಾಗದಲ್ಲಿ ಹಚ್ಚಿದರೆ ಎಣಿಸುವಾಗ ತಿರುಗಿಸಿ ಮುರುಗಿಸಿ ಹುಡುಕುವುದು ತಪ್ಪುತ್ತದೆ.

ಐಡಿಇಎ ಸಾಮಾನಿನಲ್ಲಿ ನಾನೇ ಒಂದು ತಪ್ಪು ಮಾಡಿದೆ. ಮಾತು ಬಾರದ ಮಗುವಿಗೆ ಮಾತಾಡಲು ನೆರವಾಗುವ ಸಾಧನವೊಂದು ಮನೆಗೆ ಹೋಗುತ್ತದೆ. "ಎಲ್ಲಿದೆ" ಕಾಲಂನಲ್ಲಿ ಮಗುವಿನ ಹೆಸರು ಬರೆದುಬಿಟ್ಟೆ. ಆ ಹಾಳೆಯನ್ನು ಹತ್ತಾರು ಜನ ತೆರೆಯುತ್ತಾರೆ. ಮಕ್ಕಳ ಮಾಹಿತಿ ಕಾಪಾಡುವ ಫೆರ್ಪಾ ಕಾಯ್ದೆ ಇದೆ, ಕಾಯ್ದೆ ಇಲ್ಲದಿದ್ದರೂ ಅದು ಸರಿಯಲ್ಲ. ವಿಶೇಷ ಶಿಕ್ಷಣದ ಶಿಕ್ಷಕಿ ನೋಡಿ, ಮೆತ್ತಗೆ ಹೇಳಿದರು. ಅಂದೇ ತೆಗೆದೆ. ಈಗ ಅಲ್ಲಿ "ಮನೆಯಲ್ಲಿ" ಎಂದು ಮಾತ್ರ ಇರುತ್ತದೆ, ಜೊತೆಗೆ ವಿಚಾರಿಸಬೇಕಾದ ಶಿಕ್ಷಕರ ಹುದ್ದೆ.

ಹಳೆಯದನ್ನು ವಿಲೇವಾರಿ ಮಾಡುವುದು ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ಅವತ್ತಿನ ಮಾರುಕಟ್ಟೆ ಬೆಲೆ ಮೇಲೆ ಹೇಳಿದ "ಸಲಕರಣೆ" ಮಿತಿಯೊಳಗೆ ಇದ್ದರೆ ಇಟ್ಟುಕೊಳ್ಳಬಹುದು, ಮಾರಬಹುದು, ಎಸೆಯಬಹುದು. ಫೆಡರಲ್‌ಗೆ ಪಾಲು ಕೊಡಬೇಕಿಲ್ಲ. ತಾರೀಕು, ಬೆಲೆ, ಯಾರು ಒಪ್ಪಿದರು ಎನ್ನುವುದು ಬರೆದಿರಬೇಕು. ಆಮೇಲೂ 3 ವರ್ಷ ಆ ದಾಖಲೆ ಇಡಬೇಕು.

ಕಳೆದ ಸಲದ ಎಣಿಕೆಯಲ್ಲಿ ಎರಡು ಸಾಲು ಬಾಕಿ ಉಳಿದವು. ಒಂದು ಐಪ್ಯಾಡ್, ಒಂದು ಡಾಕ್ಯುಮೆಂಟ್ ಕ್ಯಾಮೆರಾ (ಪುಸ್ತಕದ ಪುಟವನ್ನು ಪರದೆಯ ಮೇಲೆ ತೋರಿಸುವಂಥದ್ದು). ಕಳೆದುಹೋದದ್ದನ್ನು ವಿಚಾರಣೆ ಮಾಡಲೇಬೇಕು ಅಂತ ನಿಯಮ, ಹಾಗಾಗಿ ಯಾರನ್ನು ಯಾವತ್ತು ಕೇಳಿದೆ ಎಂದು ಒಂದು ಪುಟ ಬರೆದಿಟ್ಟಿದ್ದೇನೆ. ಐಪ್ಯಾಡ್ ಆಸೆ ಬಿಟ್ಟಿದ್ದೇನೆ. ಕ್ಯಾಮೆರಾ ಮಾತ್ರ ಯಾವುದೋ ಬೀರುವಿನೊಳಗೆ ಇದೆ ಅಂತ ಕಸ್ಟೋಡಿಯನ್ ಈಗಲೂ ಹೇಳುತ್ತಾರೆ. ಆ ಬೀರುವಿನ ಕೀಲಿ ಹೋದ ವರ್ಷ ನಿವೃತ್ತರಾದ ಟೀಚರ್ ಹತ್ತಿರ ಇದೆಯಂತೆ.